ಇದು ಯಾರಿಗೆ ಅಂದರೆ

ಸಮುದ್ರದ ತಳದ ಬಗೆಗಿನ ಪುಸ್ತಕವನ್ನು ಎಡಕ್ಕಿಡುವುದೋ ಬಲಕ್ಕಿಡುವುದೋ ಎಂಬುದು ಬೆಳಿಗ್ಗೆಯಿಂದ ತೀರ್ಮಾನವಾಗಿರಲಿಲ್ಲ. ಎಡಕ್ಕಿಟ್ಟರೆ ಬಾಗಿಲು ತಳ್ಳಿಕೊಂಡು ಬಂದವರ ಕಣ್ಣು ಮೊದಲು ಅದರ ಮೇಲೇ ಬಿದ್ದು, ಅವರು ತಪ್ಪಿ ಮೀನಿನಂಗಡಿಗೆ ಬಂದೆವೇನೋ ಎಂಬ ಮುಖ ಮಾಡುತ್ತಿದ್ದರು. ಬಲಕ್ಕಿಟ್ಟರೆ ಕಂಬದ ನೆರಳು ಬಿದ್ದು ಅದರ ನೀಲಿಯೆಲ್ಲ ಮಸಿಯಾಗುತ್ತಿತ್ತು. ಅವಳು ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಮತ್ತೆ ಹೋಗಿ ಅದನ್ನೆತ್ತಿ ಎದೆಗೊತ್ತಿಕೊಂಡು ನಿಂತಳು. ಇಷ್ಟು ವರ್ಷದಿಂದ ಇದೇ ಕೆಲಸ. ಬಾಗಿಲ ಎದುರಿನ ಉದ್ದ ಮೇಜು ಅವಳದು. ಅದಕ್ಕೇ ಪುಸ್ತಕದಂಗಡಿಯವರೆಲ್ಲ, ಅವಳಿಗಿಂತ ದೊಡ್ಡವರಾದ ಯಜಮಾನರೂ ಕೂಡ, ಅವಳನ್ನು ಮೇಜಕ್ಕ ಎನ್ನುತ್ತಿದ್ದರು. ಮೊದಮೊದಲು ಅದು ಕಿರಿಕಿರಿಯಾಗಿತ್ತು, ಯಾರೋ ತನ್ನನ್ನು ಮರದ ಸಾಮಾನಿಗೆ ಮದುವೆ ಮಾಡಿಕೊಟ್ಟ ಹಾಗೆ. ಈಗ ಬ್ಯಾಂಕಿನಲ್ಲಿ ಅವಳ ನಿಜವಾದ ಹೆಸರು ಕೂಗಿದರೆ ಅವಳು ಪಕ್ಕದವರ ಮುಖ ನೋಡುತ್ತಾಳೆ.

ಈ ವಾರದ ಕೊನೆಗೆ ಆ ಬ್ಯಾಂಡು ಊರಿಗೆ ಬರುವುದಿತ್ತು. ಯಾವ ಬ್ಯಾಂಡು ಎಂದು ಕೇಳುವವರೇ ಇರಲಿಲ್ಲ. ಬಸ್ಸುಗಳ ಬೆನ್ನ ಮೇಲೆ, ಮೇಲ್ಸೇತುವೆಯ ಕಂಬಗಳ ಮೇಲೆ, ಹಲ್ಲಿನ ಡಾಕ್ಟರ ಕಿಟಕಿಯ ಮೇಲೂ ಆ ನಾಲ್ವರ ಮುಖ. ಒಂದು ಕಾಲಕ್ಕೆ ಹೆಗಲ ತನಕ ಕೂದಲು ಬಿಟ್ಟು ವೇದಿಕೆಯ ಮೇಲೆ ಗಿಟಾರು ಕುಟ್ಟಿ ಒಡೆಯುತ್ತಿದ್ದವರು ಈಗ ಕಪ್ಪು ಕೋಟು ತೊಟ್ಟು, ಯಾರದೋ ಸಾವಿಗೆ ಬಂದ ನೆಂಟರ ಹಾಗೆ ಸಾಲಾಗಿ ನಿಂತಿದ್ದರು. ಇದೇ ಕೊನೆಯ ಸುತ್ತು, ಇನ್ನು ಹಾಡುವುದಿಲ್ಲ ಎಂದಿದ್ದರು. ಊರಿಗೆ ಊರೇ ಹುಚ್ಚೆದ್ದಿತ್ತು. "ಮೇಜಕ್ಕ, ಈ ಬ್ಯಾಂಡಿನ ಅಭಿಮಾನಿಗಳು ಓದಬೇಕಾದ ಪುಸ್ತಕ ಅಂತ ಒಂದು ಮೇಜು ಹಾಕ್ಬಿಡಿ," ಎಂದಿದ್ದರು ಯಜಮಾನರು, ಅಂಗಿಯ ಹೊಟ್ಟೆ ಸವರಿಕೊಳ್ಳುತ್ತ. ಅವರ ಮನಸ್ಸಿನಲ್ಲಿದ್ದದ್ದು ಆ ನಾಲ್ವರ ಜೀವನಚರಿತ್ರೆ, ಫೋಟೋ ತುಂಬಿದ ದಪ್ಪ ಪುಸ್ತಕ, ಇಂಥವು. ಅವಳು ಅವನ್ನೆಲ್ಲ ಕೆಳಗಿನ ಹಲಗೆಗೆ ತಳ್ಳಿ, ಮೇಲೆ ಸಮುದ್ರದ ತಳದ ಪುಸ್ತಕ ಇಟ್ಟಳು. ಸೇತುವೆ ಕಟ್ಟುವವನೊಬ್ಬ ಮುದಿಪ್ರಾಯದಲ್ಲಿ ಬರೆದದ್ದನ್ನು ಇಟ್ಟಳು. ನಿದ್ದೆ ಬಾರದ ರೋಗಿಗಳ ಬಗ್ಗೆ ಒಬ್ಬ ನರ್ಸ್ ಬರೆದದ್ದನ್ನೂ ಇಟ್ಟಳು. ಯಜಮಾನರು ಬಂದು ನೋಡಿ, "ಇದೇನಮ್ಮ ಇದು?" ಎಂದರು. "ಅವರ ಹಾಡು ಕೇಳಿದವರಿಗೆ ಗೊತ್ತಾಗುತ್ತೆ ಸಾರ್." "ನಾನೂ ಕೇಳಿದ್ದೀನಲ್ಲ." "ಸೌಂಡ್ ಕಮ್ಮಿ ಇಟ್ಟು ಕೇಳಿರ್ತೀರ," ಎಂದಳು ಅವಳು. ಅವರು ನಗುತ್ತ ಹೋದರು.

ಆ ಅಂಗಡಿಯಲ್ಲಿ ಯಜಮಾನರ ತಂದೆಯ ಕಾಲದಿಂದ ಬಂದ ಒಂದು ಪದ್ಧತಿಯಿತ್ತು. ಮೇಜಿನ ಮೇಲಿನ ಪ್ರತಿ ಪುಸ್ತಕಕ್ಕೂ ಕೈಯಲ್ಲಿ ಬರೆದ ಒಂದು ಚೀಟಿ. ಪುಸ್ತಕದಲ್ಲಿ ಏನಿದೆ ಎಂದು ಅದರಲ್ಲಿ ಬರೆಯುವಂತಿಲ್ಲ, ಯಾರಿಗೆ ಎಂದು ಬರೆಯಬೇಕು. ಓದದೆ ಬರೆಯುವಂತಿಲ್ಲ. ಕೆಳಗೆ ಬರೆದವರ ಹೆಸರು ಇರಬೇಕು, ನಾಳೆ ಯಾರಾದರೂ ಬಂದು ಜಗಳ ತೆಗೆದರೆ ಮುಖ ಕೊಡಬೇಕಾದವರು ಅವರೇ. ಚೀಟಿಯಿಲ್ಲದ ಪುಸ್ತಕ ಮೇಜಿನ ಮೇಲೆ ಕೂರುವಂತಿಲ್ಲ. ಸಮುದ್ರದ ತಳಕ್ಕೆ ಅವಳು ಬರೆದದ್ದು: "ಇದು, ಹಾಡು ಮುಗಿದ ಮೇಲೂ ಹೆಡ್‌ಫೋನ್ ತೆಗೆಯದೆ ಕೂತಿರುವವರಿಗೆ." ಸೇತುವೆಯದಕ್ಕೆ: "ಎಲ್ಲರೂ ಹಾಡುವವನನ್ನು ನೋಡುವಾಗ ಡ್ರಮ್ಮಿನವನನ್ನೇ ನೋಡುವವರಿಗೆ." ಇದನ್ನು ಬರೆಯುವಾಗ ಅವಳಿಗೆ ಒಂದು ಥರದ ಸುಖವಾಗಿತ್ತು, ಹದಿನೆಂಟರ ವಯಸ್ಸಿನ ಸುಖ, ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ. ಮೇಜಿನ ನಟ್ಟನಡುವೆ ಅವಳು ಒಂದು ಜಾಗ ಖಾಲಿ ಬಿಟ್ಟಿದ್ದಳು. ಅದು ತಂಗಿಯ ಪುಸ್ತಕಕ್ಕೆ.

ತಂಗಿ ಈಗ ದೊಡ್ಡ ಜನ. ಪತ್ರಿಕೆಯಲ್ಲಿ ಸಂಗೀತದ ಬಗ್ಗೆ ಬರೆಯುತ್ತಾಳೆ, ಟೀವಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಮಾತಾಡುತ್ತಾಳೆ, ದೂರದ ದೊಡ್ಡ ಊರಲ್ಲಿದ್ದಾಳೆ. ಆ ಬ್ಯಾಂಡಿನ ಜೊತೆ ತಾನು ಬೆಳೆದ ಬಗೆಯನ್ನು ಒಂದು ಪುಸ್ತಕ ಮಾಡಿದ್ದಾಳೆ, ಕೊನೆಯ ಸುತ್ತಿನ ಹೊತ್ತಿಗೆ ಸರಿಯಾಗಿ. ಫೋನಿನಲ್ಲಿ, "ಈಗಲೇ ಕೇಳ್ಬೇಡ ಅಕ್ಕ, ಓದ್ದಾಗ ಗೊತ್ತಾಗುತ್ತೆ. ನೀನೂ ಇದ್ದೀಯ ಅದರಲ್ಲಿ," ಎಂದಿದ್ದಳು. ನೀನೂ ಇದ್ದೀಯ. ಆ ಎರಡು ಮಾತು ಇಟ್ಟುಕೊಂಡು ಮೇಜಕ್ಕ ಎಷ್ಟು ದಿನ ಓಡಾಡಿದ್ದಳು, ಬಾಯಲ್ಲಿ ಪೆಪ್ಪರಮಿಂಟು ಇಟ್ಟುಕೊಂಡ ಹುಡುಗಿಯ ಹಾಗೆ. ಕ್ಯಾಶಿನವನಿಗೆ ಹೇಳಿದ್ದಳು, ಬಸ್ಸಿನಲ್ಲಿ ಪಕ್ಕ ಕೂತವಳಿಗೂ ಹೇಳಿದ್ದಳು. ಇವತ್ತು ಸಂಜೆ ತಂಗಿ ಈ ಅಂಗಡಿಗೇ ಬಂದು, ಇದೇ ಮೇಜಿನ ಪಕ್ಕ ಕೂತು ಸಹಿ ಹಾಕಿಕೊಡುವುದಿತ್ತು. ಅವಳಿಗೆಂದು ಮನೆಯಿಂದ ಒಂದು ಮೆತ್ತನೆ ದಿಂಬು ತಂದಿಟ್ಟಿದ್ದಳು, ಅಂಗಡಿಯ ಕುರ್ಚಿ ಗಟ್ಟಿ ಎಂದು.

ಡಬ್ಬ ಬಂದದ್ದು ಹನ್ನೊಂದರ ಹೊತ್ತಿಗೆ. ಹಿಂದಿನ ಗೋದಾಮಿಗೆ ಒಯ್ದು, ಬೀಗದ ಕೈಯಿಂದ ಅಂಟುಪಟ್ಟಿ ಸೀಳಿದಳು. ಹೊದಿಕೆಯ ಮೇಲೆ ಒಂದು ಕ್ಯಾಸೆಟ್ಟಿನ ಚಿತ್ರ. ಟೇಪು ಹೊರಗೆ ಎಳೆದು ಬಿಸಾಕಿದ್ದು, ಕರುಳು ಈಚೆ ಬಂದಂಥದ್ದು. ಈ ಕ್ಯಾಸೆಟ್ಟು ಅವಳಿಗೆ ಗೊತ್ತು. ಚಿತ್ರದ್ದಲ್ಲ, ನಿಜದ್ದು. ಅಪ್ಪ ಗಡಿಯಾರ ರಿಪೇರಿಯ ಚಿಕ್ಕ ಕೊಕ್ಕೆಯಿಂದ ಟೇಪು ಹಿಡಿದು, ಅವಸರವೇ ಇಲ್ಲದೆ, ನೂಲು ಸುತ್ತುವವನ ಹಾಗೆ ಮೊಣಕೈಗೆ ಸುತ್ತಿಕೊಳ್ಳುತ್ತಾ ಹೋಗಿದ್ದ. ಒಂದಾದ ಮೇಲೊಂದು. ಬೈದಿದ್ದರೂ ಚೆನ್ನಾಗಿರುತ್ತಿತ್ತು. ಹೊಡೆದಿದ್ದರೂ ಚೆನ್ನಾಗಿರುತ್ತಿತ್ತು. ಅಪ್ಪನ ಮನೆಯಲ್ಲಿ ಎಲ್ಲವೂ ಸದ್ದಿಲ್ಲದೆ ಆಗಬೇಕಿತ್ತು, ಮುಂದಿನ ಕೋಣೆಯಲ್ಲಿ ಅವನು ಬೇರೆಯವರ ಗಡಿಯಾರ ಬಿಚ್ಚಿಕೊಂಡು, ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೂತಿರುತ್ತಿದ್ದ; ಯಾರಾದರೂ ಜೋರಾಗಿ ಸೀನಿದರೆ ಒಂದು ತಿರುಪು ಕೆಳಗೆ ಬಿದ್ದು ಮಂಗಮಾಯವಾಗುತ್ತಿತ್ತು. ಆ ಮನೆಯೊಳಕ್ಕೆ ಆ ಬ್ಯಾಂಡನ್ನು ತಂದವಳು ಅವಳು. ಒಂದು ಇಯರ್‌ಫೋನು, ಅದರಲ್ಲಿ ಒಂದು ಕಿವಿ ಅವಳಿಗೆ, ಒಂದು ಕಿವಿ ತಂಗಿಗೆ. "ಈಗ ಡ್ರಮ್ ಒಂದೇ ಬರುತ್ತೆ ನೋಡು ಮರಿ," ಎಂದು ಪಿಸುಗುಟ್ಟುತ್ತಿದ್ದಳು, ಮತ್ತು ತಂಗಿಯ ಕಣ್ಣು ಆಗಲೇ ಅಗಲವಾಗುತ್ತಿತ್ತು. ಗೋದಾಮಿನ ಬಲ್ಬಿನ ಕೆಳಗೆ ಕಾಗದದ ಕಟ್ಟಿನ ಮೇಲೆ ಕೂತು ಅವಳು ಓದತೊಡಗಿದಳು. ಓದದೆ ಚೀಟಿ ಬರೆಯುವಂತಿರಲಿಲ್ಲ.

ಚೆನ್ನಾಗಿತ್ತು. ಅದೇ ಮೊದಲು ಕುಟುಕಿದ್ದು. ಸುಳ್ಳು ಸುಳ್ಳಾಗಿ, ಪೆದ್ದುಪೆದ್ದಾಗಿ ಇದ್ದಿದ್ದರೆ ಮೂಗು ಮುರಿದು ಪಕ್ಕಕ್ಕಿಡಬಹುದಿತ್ತು. ಆದರೆ ಆ ಮನೆಯ ಮೌನ, ಮೆಟ್ಟಿಲ ಕೆಳಗಿನ ಕತ್ತಲೆ, ಕಿವಿಯೊಳಗೆ ಮಾತ್ರ ಸಿಡಿಯುತ್ತಿದ್ದ ಗಿಟಾರು, ಎಲ್ಲ ಹಾಗೆಹಾಗೇ ಇದ್ದವು. ಬರೀ ಜನ ಬದಲಾಗಿದ್ದರು. ಪಕ್ಕದ ಮನೆಯವರಿಂದ ಮೊದಲ ಕ್ಯಾಸೆಟ್ಟು ಬೇಡಿ ತಂದವಳು ಪುಸ್ತಕದಲ್ಲಿ ತಂಗಿ. ಕಿವಿ ಹಂಚಿಕೊಂಡವಳು ತಂಗಿ. ಬ್ಯಾಂಡು ಮೊದಲ ಸಲ ಊರಿಗೆ ಬಂದಾಗ ಟಿಕೆಟ್ ಸಂಪಾದಿಸಿ, ಅದನ್ನು ನೀಲಿ ಫ್ರಾಕಿನ ಜೇಬಿನಲ್ಲಿ ಬಚ್ಚಿಟ್ಟವಳು ತಂಗಿ. ಆ ಫ್ರಾಕು ತನ್ನದು, ತಂಗಿಗೆ ಮೊಣಕಾಲ ಕೆಳಗೆ ಬರುತ್ತಿತ್ತು ಎಂದು ಮೇಜಕ್ಕನಿಗೆ ಚೆನ್ನಾಗಿ ನೆನಪಿತ್ತು. ಆಗ ತಂಗಿಗೆ ಹದಿಮೂರು, ಅವಳಿಗೆ ಹದಿನೆಂಟು. ಸಿಕ್ಕಿದ್ದು ಒಂದೇ ಟಿಕೆಟ್. ಹೋಗಿ ಬಂದು ಒಂದೂ ಬಿಡದೆ ಹೇಳುತ್ತೇನೆ ಎಂದು ತಂಗಿಗೆ ಮಾತು ಕೊಟ್ಟಿದ್ದಳು. ಸಂಜೆ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದರೆ ಕೊನೆಯ ಮೆಟ್ಟಿಲ ಮೇಲೆ ಅಪ್ಪ ಕೂತಿದ್ದ. ತಿರುಗಿ ಕೂಡ ನೋಡದೆ ಅಂಗೈ ಚಾಚಿದ. ಅವಳು ಟಿಕೆಟ್ ಅದರ ಮೇಲಿಟ್ಟಳು. ಅಡುಗೆಮನೆಯಲ್ಲಿ ನಲ್ಲಿಯ ನೀರು ಸುರಿಯುತ್ತಲೇ ಇತ್ತು, ಅಮ್ಮ ಈಚೆ ಬರಲಿಲ್ಲ. ಕ್ಯಾಸೆಟ್ಟುಗಳ ಕರುಳು ಕಿತ್ತದ್ದು ಅವತ್ತು ರಾತ್ರಿಯೇ. ಬೇರೆ ಊರಿನ ಕಾಲೇಜಿಗೆ ಕಳಿಸುವ ಮಾತು ಅವತ್ತಿಗೇ ಮುಗಿಯಿತು. ಮನೆಯಲ್ಲಿದ್ದಾಗಲೇ ಹೀಗಾದರೆ ಹೊರಗೆ ಹೋದ ಮೇಲೆ ಹೇಗೆ, ಎಂದ ಅಪ್ಪ. ಐದು ವರ್ಷದ ಮೇಲೆ ಆ ಕಾಲೇಜಿಗೆ ತಂಗಿ ಹೋದಳು. ಇದೆಲ್ಲ ಪುಸ್ತಕದಲ್ಲಿ ಇರಲಿಲ್ಲ. ಪುಸ್ತಕದಲ್ಲಿ ಇದ್ದದ್ದು, ಅಪ್ಪನ ಹತ್ತಿರ ಹೋಗಿ ಚಾಡಿ ಹೇಳಿದ ಒಬ್ಬ ಅಕ್ಕ.

ಅವಳು ಆ ಪುಟಕ್ಕೆ ಬಂದಾಗ ಮೊದಲು ತಪ್ಪು ಓದಿದೆನೇನೋ ಎಂದುಕೊಂಡಳು. ಹಿಂದಿನ ಪುಟಕ್ಕೆ ಹೋಗಿ ಬಂದಳು. ಇಲ್ಲ, ಅಕ್ಕನೇ. ಹೊಟ್ಟೆಕಿಚ್ಚಿನ ಅಕ್ಕ, ಬಾಗಿಲ ಸಂದಿಯ ಅಕ್ಕ. ಗಡಿಯಾರದ ಕೋಣೆಗೆ ಹೋಗಿ ನಿಲ್ಲುತ್ತಾಳೆ. ಅಪ್ಪ ಕಣ್ಣಿನ ಗಾಜು ತೆಗೆದು ಅಂಗೈಯಲ್ಲಿಟ್ಟುಕೊಂಡು, "ನೀನೂ ಹೋಗ್ತಿದ್ದೀಯಾ?" ಎಂದು ಕೇಳುತ್ತಾನೆ. ಅಕ್ಕ, "ನನ್ನ ಕರ್ಕೊಂಡು ಹೋಗ್ತಿಲ್ಲ," ಎನ್ನುತ್ತಾಳೆ. ಅಪ್ಪ ಗಾಜನ್ನು ಅಂಗಿಯ ಚುಂಗಿಗೆ ಒರೆಸಿಕೊಂಡು, ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡು, "ಸರಿ, ಹೋಗಿ ಓದ್ಕೋ," ಎನ್ನುತ್ತಾನೆ. ಮೇಜಕ್ಕ ಪುಸ್ತಕ ಮುಚ್ಚಿದಳು. ಗೋದಾಮಿನಲ್ಲಿ ಹೊಸ ಕಾಗದದ ವಾಸನೆ, ಮೂಲೆಯಲ್ಲಿ ಯಾವಾಗಲೂ ಒಂದಷ್ಟು ಒದ್ದೆ. ಬೆನ್ನಿಗೆ ಚೂರಿ ಹಾಕುವುದು ಎಂದು ಜನ ಹೇಳುತ್ತಾರೆ, ಆದರೆ ಅವಳಿಗನ್ನಿಸಿದ್ದು ಅದಲ್ಲ. ಅವಳಿಗನ್ನಿಸಿದ್ದು ಯಾರೋ ಅವಳ ಬಟ್ಟೆ ತೊಟ್ಟು ಮದುವೆಮನೆಗೆ ಹೋಗಿ, ಹರಿದು ಹೋದದ್ದನ್ನು ಅವಳಿಗೆ ತಂದು ತೊಡಿಸಿದ ಹಾಗೆ.

"ಮೇಜಕ್ಕ, ಆಯ್ತಾ?" ಎಂದು ಹೊರಗಿಂದ ಯಜಮಾನರ ದನಿ. ಆಯಿತು ಎಂದು ಪುಸ್ತಕಗಳನ್ನು ಹೊತ್ತು ತಂದು ಖಾಲಿ ಜಾಗದಲ್ಲಿ ಜೋಡಿಸಿದಳು. ಕೈಗಳು ತಮ್ಮಷ್ಟಕ್ಕೆ ತಾವು ಕೆಲಸ ಮಾಡಿದವು, ಬೆನ್ನುಗಳು ಒಂದೇ ಸಾಲಿಗೆ ಬಂದವು. "ಚೀಟಿ?" "ಬರೀತೀನಿ ಸಾರ್, ಇನ್ನೂ ಮುಗಿದಿಲ್ಲ." "ಸ್ವಂತ ತಂಗಿ ಪುಸ್ತಕ, ನೀವಲ್ಲದೆ ಇನ್ಯಾರು ಬರೀಬೇಕು! ಅವರು ಬರೋದ್ರೊಳಗೆ ಇರ್ಲಿ." ಮೇಜಿನ ಹತ್ತಿರ ಬ್ಯಾಂಡಿನ ಅಂಗಿ ತೊಟ್ಟ ಒಬ್ಬ ಕಾಲೇಜು ಹುಡುಗಿ ಆಗಲೇ ಒಂದು ಪ್ರತಿ ಎತ್ತಿಕೊಂಡು, ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತು ಓದುತ್ತಿದ್ದಳು. ಅವಳ ಹುಬ್ಬು ಗಂಟಿಕ್ಕುವುದನ್ನು ಮೇಜಕ್ಕ ನೋಡಿದಳು. ಯಾವ ಪುಟ ಎಂದು ಹೇಳಬೇಕಾಗಿರಲಿಲ್ಲ. "ಛೀ, ಎಂಥ ಅಕ್ಕ ಇವರಿಗೆ!" ಎಂದಳು ಹುಡುಗಿ, ಎದುರಿಗೆ ಸಿಕ್ಕಿದವರಿಗೆ ಹೇಳುವ ಹಾಗೆ. "ನನ್ನಕ್ಕ ಹೀಗೆ ಮಾಡಿದ್ರೆ ಜನ್ಮದಲ್ಲಿ ಮಾತಾಡಿಸ್ತಿರ್ಲಿಲ್ಲ. ಈಗ ಎಲ್ಲಿದ್ದಾಳೋ ಏನೋ." "ಇಲ್ಲೇ ಎಲ್ಲಾದ್ರೂ ಇರಬಹುದು," ಎಂದಳು ಮೇಜಕ್ಕ. "ಬಿಲ್ಲು ಆ ಕಡೆ ಮಾಡಿಸಿ." ಅಂಗಡಿಯ ದನಿ ಸರಿಯಾಗಿಯೇ ಬಂತು.

ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚಿ, ತಿನ್ನದೆ ಮುಚ್ಚಿದಳು. ಜನ್ಮದಲ್ಲಿ ಮಾತಾಡಿಸ್ತಿರ್ಲಿಲ್ಲ. ಹುಡುಗಿ ಸುಮ್ಮನೆ ಆಡಿದ ಮಾತು. ಆದರೆ ಅದನ್ನು ಮಾಡಿ ತೋರಿಸಿದವಳು ಮೇಜಕ್ಕ. ಅಪ್ಪನಿಗೆ ಹೇಳಿದ್ದು ಅಮ್ಮ ಎಂದು ಅವಳಿಗೆ ಆವತ್ತೇ ಖಾತ್ರಿಯಾಗಿತ್ತು, ಯಾಕೆಂದರೆ ಆ ಟಿಕೆಟ್ ಅಮ್ಮನ ಕೈಗೆ ಸಿಕ್ಕಿತ್ತು. ಒಗೆಯಲು ಫ್ರಾಕು ಎತ್ತಿಕೊಂಡವಳು ಜೇಬಿಗೆ ಕೈ ಹಾಕಿ, ತೆಗೆದು ನೋಡಿ, ಬಾಗಿಲಲ್ಲಿ ಬಿಳುಚಿಕೊಂಡು ನಿಂತ ಮಗಳನ್ನು ನೋಡಿ, ಮತ್ತೆ ಜೇಬಿನಲ್ಲೇ ಇಟ್ಟು, ಒಂದು ಚೂರು ನಕ್ಕಿದ್ದಳು. ಆ ನಗುವೇ ಆಮೇಲೆ ಉರಿಯಾಯಿತು. ನಕ್ಕು ಕತ್ತು ಕೊಯ್ದಳಲ್ಲ ಎಂದು. ಆಮೇಲೆ ಅವಳು ಅಮ್ಮನ ಹತ್ತಿರ ಜಗಳವಾಡಲಿಲ್ಲ, ಕೇಳಲೂ ಇಲ್ಲ. ಕೆಲಸದ ಮಾತು ಬಿಟ್ಟು ಬೇರೆ ಮಾತು ನಿಲ್ಲಿಸಿದಳು, ಅಷ್ಟೇ. ಬೀಗ ಎಲ್ಲಿದೆ. ಗ್ಯಾಸು ಮುಗಿದಿದೆ. ನನಗೆ ಊಟ ಬೇಡ. ಅಪ್ಪ ತೀರಿಹೋದ, ತಂಗಿ ದೊಡ್ಡ ಊರಿಗೆ ಹೋದಳು, ಆ ಮನೆಯಲ್ಲಿ ಉಳಿದ ಇಬ್ಬರು ಹೆಂಗಸರು ಒಂದೇ ಬಾಗಿಲಿಂದ ಓಡಾಡುತ್ತ, ಬಾಡಿಗೆಗಿದ್ದವರ ಹಾಗೆ ವರ್ಷಗಟ್ಟಲೆ ಕಳೆದರು. ರೇಡಿಯೋದಲ್ಲಿ ಆ ಬ್ಯಾಂಡಿನ ಹಾಡು ಬಂದರೆ ಅಮ್ಮ ಸೌಂಡ್ ಹೆಚ್ಚು ಮಾಡಿ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಗಾಯದ ಮೇಲೆ ಉಪ್ಪು ಸುರಿಯುತ್ತಾಳೆ ಎಂದುಕೊಂಡು ಮಗಳು ಬಂದು ಪಟ್ಟನೆ ಆರಿಸುತ್ತಿದ್ದಳು. ಒಮ್ಮೆಯೂ ಅಮ್ಮ ಯಾಕೆ ಆರಿಸಿದೆ ಎಂದು ಕೇಳಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ, ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದವಳು ಇದ್ದಕ್ಕಿದ್ದಂತೆ, "ಆವತ್ತು ನೀನು ಹೋಗ್ಬೇಕಿತ್ತು ಕಣೇ," ಎಂದಿದ್ದಳು. ಎಂಥ ದಾರ್ಷ್ಟ್ಯ ಎನ್ನಿಸಿತ್ತು ಮಗಳಿಗೆ. ಮಾಡುವುದೆಲ್ಲ ಮಾಡಿ ಈಗ ಸಾಯುವಾಗ ಪುಣ್ಯ ಕಟ್ಟಿಕೊಳ್ಳುತ್ತಾಳೆ. ಅವಳು ಬಾಟಲಿ ಖಾಲಿಯಾಗುತ್ತಿದೆ ಎಂದು ನರ್ಸನ್ನು ಕೂಗಲು ಹೊರಗೆ ಹೋದಳು. ಬಾಟಲಿ ಅರ್ಧಕ್ಕಿಂತ ಹೆಚ್ಚು ತುಂಬಿತ್ತು.

ಹಾಗಿದ್ದ ಮೇಲೆ ಪುಸ್ತಕದಲ್ಲಿ ಅಮ್ಮ ಇರಬೇಕಿತ್ತು. ಚಾಡಿ ಹೇಳಿದವಳು ಅಮ್ಮ ಎಂದು ಬರೆದಿದ್ದರೂ ಆಗುತ್ತಿತ್ತು, ತಂಗಿಗೂ ಅದೇ ಗೊತ್ತು ಎಂದಲ್ಲವೇ ತಾನು ಇಷ್ಟು ದಿನ ನಂಬಿದ್ದು. ಕಂಬಕ್ಕೊರಗಿ ನಿಂತಿದ್ದವಳು ಮತ್ತೆ ಒಂದು ಪ್ರತಿ ತೆಗೆದು ಆ ಪುಟ ಬಿಡಿಸಿದಳು. ಬದುಕೆಲ್ಲ ಪುಸ್ತಕ ಓದುವುದೇ ಕೆಲಸವಾಗಿ ಹೋದವರಿಗೆ ಒಂದು ರೋಗ ಹತ್ತುತ್ತದೆ: ಯಾವ ಮಾತು ಯಾರ ಬಾಯಿಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ತಂತಾನೇ ಕಾಣಿಸುತ್ತದೆ. ಕಥೆಯಲ್ಲಿ ಮುದುಕ ಹುಡುಗನ ಹಾಗೆ ಮಾತಾಡಿದರೆ ಅವಳು ಪುಟ ಮಡಿಸಿಡುತ್ತಿದ್ದಳು. ನನ್ನ ಕರ್ಕೊಂಡು ಹೋಗ್ತಿಲ್ಲ. ಹದಿನೆಂಟು ವರ್ಷದ, ಕಾಲೇಜಿಗೆ ಹೊರಟ, ಮಾತಿಗೆ ಮೊದಲು ಮುಖ ತಿರುಗಿಸುವ ಹುಡುಗಿ ಹಾಗೆ ಹೇಳುವವಳಲ್ಲ. ಅಮ್ಮನೂ ಹೇಳುವವಳಲ್ಲ. ಅದು ಮೂಗು ಸೋರುತ್ತಿರುವ, ಬಿಟ್ಟುಹೋಗುತ್ತಾರೆಂದು ಅಳುತ್ತಿರುವ ಚಿಕ್ಕವಳ ಮಾತು. ಮತ್ತೆ, ಅಪ್ಪ ಗಾಜನ್ನು ಅಂಗಿಯ ಚುಂಗಿಗೆ ಒರೆಸಿಕೊಂಡದ್ದು, ಹೇಳಿದವಳನ್ನು ಓದಿಕೋ ಎಂದು ಕಳಿಸಿದ್ದು, ಇದನ್ನೆಲ್ಲ ಕಲ್ಪಿಸಿಕೊಂಡು ಬರೆಯುವವಳಲ್ಲ ತಂಗಿ. ಅವಳಿಗೆ ಕಂಡದ್ದನ್ನು ಬರೆಯುವುದು ಮಾತ್ರ ಬರುತ್ತದೆ. ಆ ಕೋಣೆಯಲ್ಲಿ ನಿಂತಿದ್ದವಳು ಯಾರು ಎಂದು ಪುಸ್ತಕವೇ ಬಾಯಿಬಿಟ್ಟಿತ್ತು. ಮರಿ. ಒಂದು ಕಿವಿಯ ಮರಿ.

ತಂಗಿ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದಳು. ಕೂದಲಿಗೆ ಹೊಸ ಬಣ್ಣ, ಒಳ್ಳೆಯ ಸೆಂಟು, ಬಾಗಿಲಿನಿಂದಲೇ "ಅಕ್ಕಾ!" ಎಂದು ಎರಡೂ ಕೈ ಚಾಚಿದಳು. ಮೇಜಕ್ಕ ಆ ಕೈಗಳೊಳಗೆ ನಿಂತು, ಕ್ಯಾಶಿನವನ ನಗು, ಯಜಮಾನರ ನಗು, ಎಲ್ಲವನ್ನೂ ತಂಗಿಯ ಹೆಗಲ ಮೇಲಿಂದ ನೋಡಿದಳು. "ಒಳಗೆ ಬಾ ಸ್ವಲ್ಪ. ಕಾಫಿ ಇದೆ," ಎಂದು ಗೋದಾಮಿಗೆ ಕರೆದುಕೊಂಡು ಹೋದಳು. ಕಾಫಿ ಇರಲಿಲ್ಲ. ತಂಗಿ ಕಟ್ಟಿನ ಮೇಲೆ ಕೂತು ಕಾಲು ನೀಡಿದಳು. "ಓದಿದ್ಯಾ? ಹೇಗಿದೆ? ನಿನಗೆ ಇಷ್ಟ ಆಗ್ಲಿಲ್ಲ ಅಂದ್ರೆ ಯಾರಿಗೆ ಇಷ್ಟ ಆದ್ರೂ ನನಗೆ ಲೆಕ್ಕಕ್ಕಿಲ್ಲ."

"ಚೆನ್ನಾಗಿ ಬರ್ದಿದ್ದೀಯ."

"ಆದರೆ?"

"ಕ್ಯಾಸೆಟ್ ನಿನ್ನದಾಯ್ತು. ಆಗ್ಲಿ. ಟಿಕೆಟ್ ನಿನ್ನದಾಯ್ತು, ಫ್ರಾಕೂ ನಿನ್ನದಾಯ್ತು. ಆಗ್ಲಿ ಬಿಡು. ಅಪ್ಪನ ಹತ್ರ ಹೋಗಿ ಹೇಳ್ದೋಳು ಯಾರು ಮರಿ?"

ತಂಗಿ ನಕ್ಕಳು, ಟೀವಿಯಲ್ಲಿ ಕಷ್ಟದ ಪ್ರಶ್ನೆ ಬಂದಾಗ ನಗುವ ಹಾಗೆ. "ನೀನು ಅಲ್ಲೇ ಸಿಕ್ಕಿಹಾಕ್ಕೋತೀಯ ಅಂತ ಗೊತ್ತಿತ್ತು. ಅಕ್ಕ, ಅದು ಪುಸ್ತಕ. ಒಂದನ್ನ ಅಲ್ಲಿಂದ ತೆಗ್ದು ಇಲ್ಲಿ ಇಡಬೇಕಾಗುತ್ತೆ, ಇಲ್ಲಾಂದ್ರೆ ನಿಲ್ಲಲ್ಲ. ಮೇಜು ಜೋಡ್ಸೋಳಿಗೆ ನಾನು ಹೇಳಬೇಕಾ? ಯಾರಾದ್ರೂ ಒಬ್ರು ಬೇಕಿತ್ತು ಅಲ್ಲಿ. ಅಮ್ಮನ್ನ ಹಾಕೋಕೆ ಮನಸ್ಸು ಬರ್ಲಿಲ್ಲ. ಹೋಗಿಬಿಟ್ಟಿದ್ದಾಳೆ ಪಾಪ. ನೀನಾದ್ರೆ ಇದ್ದೀಯ, ಅರ್ಥ ಮಾಡ್ಕೋತೀಯ."

"ನಾನು ಕೇಳಿದ್ದು ಅದಲ್ಲ. ನನ್ನ ಕರ್ಕೊಂಡು ಹೋಗ್ತಿಲ್ಲ ಅಂತ ಅಪ್ಪಂಗೆ ಅಂದೋಳು ಯಾರು?"

ತಂಗಿಯ ಕಾಲು ತಾನಾಗಿ ಒಳಗೆ ಬಂತು. ಹೊರಗೆ ಯಾರೋ ಬ್ಯಾಂಡಿನ ಹಾಡು ಹಾಕಿದ್ದರು, ಗೋಡೆಯ ಮೂಲಕ ಡ್ರಮ್ಮಿನ ಸದ್ದು ಮಾತ್ರ ಬರುತ್ತಿತ್ತು. "ನನಗಾಗ ಹದಿಮೂರು ಅಕ್ಕ," ಎಂದಳು.

"ನಾನು ಅಮ್ಮ ಅಂದ್ಕೊಂಡಿದ್ದೆ," ಎಂದಳು ಮೇಜಕ್ಕ.

"ಗೊತ್ತು."

"ಗೊತ್ತಾ?"

"ಅಮ್ಮಂಗೂ ಗೊತ್ತಿತ್ತು. ಆವತ್ತು ಬಾಗಿಲ ಹತ್ರಾನೇ ನಿಂತಿದ್ಲು, ಎಲ್ಲಾ ಕೇಳಿಸ್ಕೊಂಡ್ಲು. ನಾನು ಅಳ್ತಾ, ಅಕ್ಕಂಗೆ ಹೇಳ್ಬಿಡ್ತೀನಿ ಅಂದೆ, ಸತ್ಯವಾಗ್ಲೂ ಅಂದೆ. ಅವಳೇ ಬೇಡ ಅಂದ್ಲು. ಅಮ್ಮನೇ ಹೇಳಿದ್ದು ಅಂತ ಅಂದ್ಕೊಂಡ್ರೆ ಅಂದ್ಕೊಳ್ಳಲಿ ಬಿಡು, ಅಮ್ಮನ ಮೇಲಿನ ಸಿಟ್ಟು ಎಷ್ಟು ದಿನ ಇರುತ್ತೆ, ನೀವಿಬ್ರೂ ಮಾತ್ರ ಮಾತು ಬಿಡಬೇಡಿ ಅಂದ್ಲು." ತಂಗಿ ಅಕ್ಕನ ಮೊಣಕೈ ಹಿಡಿದುಕೊಂಡಳು. ದನಿ ಸಣ್ಣದಾಯಿತು, ಮುದ್ದಿನದಾಯಿತು, ಇಯರ್‌ಫೋನಿಗಾಗಿ ಬೇಡುತ್ತಿದ್ದವಳದಾಯಿತು. "ಅವಳು ಕೊನೆವರೆಗೂ ಸುಮ್ನೆ ಇರ್ಲಿಲ್ವಾ ಅಕ್ಕ? ನೀನೂ ಇರ್ತೀಯ ಅಂದ್ಕೊಂಡೆ."

ಮೇಜಕ್ಕನಿಗೆ ಮೊದಲು ಕೇಳಿಸಿದ್ದು ನಲ್ಲಿಯ ಸದ್ದು. ಆ ಸಂಜೆ ಅಡುಗೆಮನೆಯಲ್ಲಿ ಸುರಿಯುತ್ತಲೇ ಇದ್ದ ನೀರು. ಅಮ್ಮ ಈಚೆ ಬರದೆ ನೀರು ಬಿಟ್ಟುಕೊಂಡು ಏನು ಮಾಡುತ್ತಿದ್ದಳು ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಎಷ್ಟು ದಿನ ಇರುತ್ತೆ ಎಂದಿದ್ದಳಂತೆ. ಹೆತ್ತವಳಿಗೂ ಮಗಳ ಅಳತೆ ಸಿಕ್ಕಿರಲಿಲ್ಲ. ರೇಡಿಯೋದ ಸೌಂಡ್ ಹೆಚ್ಚು ಮಾಡಿ ಹೋಗುತ್ತಿದ್ದವಳು ಒಳಗೆ ನಿಂತು ಕಾಯುತ್ತಿದ್ದಳೇನೋ, ಮಗಳು ಒಂದು ಹಾಡಾದರೂ ಪೂರ್ತಿ ಕೇಳಲಿ ಎಂದು. ಪ್ರತಿ ಸಲ ಪಟ್ಟನೆ ಆರಿದ ಮೇಲೆ ಅಲ್ಲೇ ಪಾತ್ರೆ ಸರಿಸಿಕೊಂಡಿರುತ್ತಾಳೆ. ಆವತ್ತು ನೀನು ಹೋಗ್ಬೇಕಿತ್ತು ಕಣೇ. ಅದು ಪುಣ್ಯ ಕಟ್ಟಿಕೊಳ್ಳುವ ಮಾತಾಗಿರಲಿಲ್ಲ. ತನ್ನದಲ್ಲದ ತಪ್ಪನ್ನು ಇನ್ನೂ ಕೆಳಗಿಳಿಸದೆ, ಅದರ ಪಕ್ಕದಲ್ಲಿ ಸಾಧ್ಯವಾದಷ್ಟು ನಿಜ ಇಟ್ಟಿದ್ದಳು. ಇವಳು ಹೋಗಿ ತುಂಬಿದ ಬಾಟಲಿ ತೋರಿಸಿ ನರ್ಸಿನ ಕೈಲಿ ಬೈಸಿಕೊಂಡು ಬಂದಿದ್ದಳು. ತಂಗಿಯ ಮೇಲೆ ಸಿಟ್ಟು ಬರಬೇಕಿತ್ತು, ಬಂತು. ಆದರೆ ಅದರ ಕೆಳಗೆ ಇನ್ನೊಂದು ಇತ್ತು, ಅದಕ್ಕೆ ಕೈ ಹಾಕಲು ಅವಳಿಗೆ ಧೈರ್ಯ ಸಾಲಲಿಲ್ಲ. ಇಬ್ಬರೂ ಸೇರಿಕೊಂಡು ಅವಳನ್ನು ಕತ್ತಲಲ್ಲಿಟ್ಟಿದ್ದರು. ಒಬ್ಬಳು ಹೆದರಿ, ಒಬ್ಬಳು ಪ್ರೀತಿಯಿಂದ. ಆ ಕತ್ತಲಲ್ಲಿ ಕೈ ಬೀಸಿ ಅವಳು ಹೊಡೆದದ್ದು ಅಮ್ಮನಿಗೆ.

"ಮರಿ," ಎಂದಳು. "ಅವಳು ಸಾಯೋ ಮುಂಚೆ ಒಂದು ಮಾತು ಹೇಳೋಕಾಗ್ಲಿಲ್ವಾ ನಿನಗೆ? ನೀನು ಬಂದಿದ್ದೆ ಆಸ್ಪತ್ರೆಗೆ. ಅವಳ ತಲೆ ಹತ್ರ ಕೂತಿದ್ದೆ. ನಾನು ಕಿಟಕಿ ಹತ್ರ ನಿಂತಿದ್ದು ಕಾಣಿಸ್ತಿತ್ತಲ್ಲ ನಿನಗೆ."

ತಂಗಿ ಅಳತೊಡಗಿದಳು. ಕಣ್ಣಿನ ಕಪ್ಪು ಇಳಿಯದಂತೆ ಬೆರಳ ತುದಿಯಿಂದ ಎಚ್ಚರವಾಗಿ ಒತ್ತಿಕೊಳ್ಳುತ್ತ ಅಳುತ್ತಿದ್ದಳು, ಹೊರಗೆ ಜನ ಕಾಯುತ್ತಿದ್ದರಲ್ಲ. ಆ ಎಚ್ಚರವನ್ನು ನೋಡಿದ ಮೇಲೆ ಮೇಜಕ್ಕನಿಗೆ ಕೇಳುವುದು ಏನೂ ಉಳಿಯಲಿಲ್ಲ. ಬಾಗಿಲು ತಟ್ಟಿ ಯಜಮಾನರು ತಲೆ ಹಾಕಿದರು. "ಜನ ಸೇರಿಬಿಟ್ಟಿದ್ದಾರೆ! ಅಕ್ಕತಂಗೀರ ಮಾತು ಮುಗಿಯೋದಲ್ಲ ಬಿಡಿ, ಸಂತೋಷಕ್ಕೂ ಅಳು ಬಂದ್ಬಿಡುತ್ತೆ. ಮೇಜಕ್ಕ, ಆ ಚೀಟಿ ಒಂದು ಬಾಕಿ ಇದೆ. ಇಲ್ಲಾಂದ್ರೆ ಅಪ್ಪಾವ್ರ ಪದ್ಧತಿ ಪ್ರಕಾರ ಪುಸ್ತಕ ಕೆಳಗಿಳಿಸಬೇಕಾಗುತ್ತೆ ನೋಡಿ," ಎಂದು ನಕ್ಕರು.

ಪುಸ್ತಕ ಕೆಳಗಿಳಿಸುವುದು ಅವಳ ಕೈಯಲ್ಲೇ ಇತ್ತು. ಬರೆಯುವುದಿಲ್ಲ ಎಂದರೆ ಸಾಕು. ಯಜಮಾನರು ಪೆಚ್ಚಾಗುತ್ತಾರೆ, ತಂಗಿಯ ಮುಖ ಬೀಳುತ್ತದೆ, ಯಾಕೆ ಎಂದು ಕೇಳುತ್ತಾರೆ, ಹೇಳಬೇಕಾಗುತ್ತದೆ. ಹೇಳಿದರೆ ವಯಸ್ಸಾದ ಅಂಗಡಿಯ ಹೆಂಗಸಿನ ಹೊಟ್ಟೆಕಿಚ್ಚು ಎನ್ನಿಸುತ್ತದೆ, ಪುಸ್ತಕದಲ್ಲಿ ಇರುವ ಅಕ್ಕನ ಹಾಗೇ. ಇಲ್ಲವೇ ನಿಜ ಬರೆದು, ಇಂಥ ಪುಟದಲ್ಲಿರುವುದು ಸುಳ್ಳು ಎನ್ನಬಹುದು. ಆದರೆ ಒಳಗೆ ಏನಿದೆ ಎಂದು ಚೀಟಿಯಲ್ಲಿ ಬರೆಯುವಂತಿಲ್ಲ. ಯಾರಿಗೆ ಎಂದು ಬರೆಯಬೇಕು. ಮೇಜಿನ ಹತ್ತಿರ ಬಂದು ಕ್ಯಾಪು ತೆಗೆದ ಪೆನ್ನು ಹಿಡಿದು ನಿಂತವಳಿಗೆ ಮೊದಲ ಸಲ ಯಜಮಾನರ ತಂದೆಯ ಆ ಪದ್ಧತಿ ಅರ್ಥವಾದಂತಾಯಿತು. ಸುತ್ತಲೂ ಬ್ಯಾಂಡಿನ ಅಂಗಿಗಳು, ಸ್ಪೀಕರಿನಲ್ಲಿ ಆ ಉದ್ದದ ಹಾಡು, ಡ್ರಮ್ ಒಂದೇ ಉಳಿಯುವ ಜಾಗ ಹತ್ತಿರ ಬರುತ್ತಿತ್ತು. ಅವಳು ದುಂಡಗೆ, ದೂರದಿಂದಲೂ ಕಾಣುವಷ್ಟು ದೊಡ್ಡದಾಗಿ ಬರೆದಳು: "ಇದು, ಅಮ್ಮ ಮಾಡದ ತಪ್ಪಿಗೆ ಅಮ್ಮನ ಜೊತೆ ಮಾತು ಬಿಟ್ಟವರಿಗೆ." ಕೆಳಗೆ ಮೇಜಕ್ಕ ಎಂದು ಹಾಕಿದಳು. ತಂಗಿಯ ಪುಸ್ತಕಗಳ ಮೇಲೆ ಅದನ್ನು ನಿಲ್ಲಿಸಿ, ಮನೆಯಿಂದ ತಂದ ದಿಂಬನ್ನು ಕುರ್ಚಿಯ ಮೇಲಿಟ್ಟು, ಪಕ್ಕಕ್ಕೆ ಸರಿದು ನಿಂತಳು.

ಯಜಮಾನರು ಓದಿ, "ಅಬ್ಬ, ಗಂಟಲು ಕಟ್ಟಿ ಬರುತ್ತೆ. ಇದು ಓಡುತ್ತೆ ನೋಡಿ," ಎಂದರು. ಜನ ಸಾಲು ನಿಂತರು. ಬ್ಯಾಂಡಿನ ಅಂಗಿಯ ಹುಡುಗಿಯೂ ಬಂದಳು, ಚೀಟಿ ಓದಿ, ಕೈಲಿದ್ದ ಪುಸ್ತಕ ನೋಡಿ, ಏನೋ ತಾಳೆಯಾಗದೆ ಮತ್ತೆ ಚೀಟಿ ಓದಿದಳು. ತಂಗಿ ಮುಖ ತೊಳೆದುಕೊಂಡು, ತುಟಿಗೆ ಬಣ್ಣ ತೀಡಿಕೊಂಡು ನಗುತ್ತ ಬಂದು ಕೂತಳು, ಪೆನ್ನು ತೆಗೆದಳು, ಮೊದಲ ಪುಸ್ತಕ ಎಳೆದುಕೊಳ್ಳಲು ಕೈ ಚಾಚಿದವಳು ಚೀಟಿ ಓದಿದಳು. ನಗು ಮುಖದ ಮೇಲೇ ಉಳಿಯಿತು. ಅವಳು ಅಕ್ಕನ ಕಡೆ ನೋಡಲಿಲ್ಲ. ತುಸು ಹೊತ್ತಿನ ಮೇಲೆ ಯಾರಿಗೂ ಕಾಣದ ಹಾಗೆ, ಸಹಿ ಹಾಕುತ್ತ ಹಾಕುತ್ತಲೇ, ಎಡಗೈಯಿಂದ ಅದನ್ನು ಎತ್ತಿ ಮಡಿಲಲ್ಲಿದ್ದ ಬ್ಯಾಗಿನೊಳಗೆ ಹಾಕಿಕೊಂಡಳು. ಮೇಜಕ್ಕನಿಗೆ ಕಂಡಿತು.

"ಅರೆ, ಚೀಟಿ ಎಲ್ಲಿ?" ಎಂದರು ಯಜಮಾನರು. "ಯಾರೋ ಇಷ್ಟಪಟ್ಟು ಎತ್ಕೊಂಡು ಹೋಗಿದ್ದಾರೆ ಅಂತ ಕಾಣುತ್ತೆ. ಮೇಜಕ್ಕ, ಬೇಜಾರು ಮಾಡ್ಕೋಬೇಡಿ, ಇನ್ನೊಂದು ಬರೆದುಬಿಡ್ತೀರಾ?"

"ಬೇಜಾರೇನು ಸಾರ್," ಎಂದಳು ಅವಳು. "ಎಷ್ಟು ಸಲ ಬೇಕಾದ್ರೂ ಬರೀತೀನಿ."

ಹೊಸ ಚೀಟಿ ತೆಗೆದುಕೊಂಡು, ತಂಗಿಯ ಎದುರೇ, ಮೇಜಿಗೆ ಬಾಗಿ, ಅದೇ ಮಾತು ಬರೆದಳು. ಕೆಳಗೆ ಮೇಜಕ್ಕ ಎಂದು ಹಾಕಲು ಹೋದವಳು ಮೇಜು ಎಂಬುದನ್ನು ಬಿಟ್ಟು, ಬರೀ ಅಕ್ಕ ಎಂದು ಹಾಕಿದಳು.